ಗೆದ್ದವರು ಹತ್ತಿ ಬರಬೇಕು

ನಮ್ಮೂರಿನ ಕ್ವಾರಿಯಲ್ಲಿ ಸೋತವರು ಮೆಟ್ಟಿಲು ಹತ್ತಬೇಕಾಗಿಲ್ಲ. ಸೋತ ಮರುಗಳಿಗೆಯಲ್ಲೇ ಅವರು ಮೇಲಿರುತ್ತಾರೆ, ಮೊದಲ ಮೆಟ್ಟಿಲ ಪಕ್ಕದಲ್ಲಿ, ತಾವು ಬಿಟ್ಟುಹೋದ ಚಪ್ಪಲಿಯ ಎದುರಿಗೆ. ಮೈಮೇಲೆ ಒಂದು ಗೀರೂ ಇರುವುದಿಲ್ಲ. ಗೆದ್ದವರು ಮಾತ್ರ ಎಪ್ಪತ್ತೆರಡು ಮೆಟ್ಟಿಲನ್ನೂ ತಮ್ಮ ಕಾಲಿನಲ್ಲೇ ಹತ್ತಿ ಬರಬೇಕು. ಹೊರಗಿನವರಿಗೆ ಹೇಳಿದರೆ ಇದೆಂಥ ನ್ಯಾಯ ಎಂದು ಕೇಳುತ್ತಾರೆ. ನಾವು ಕೇಳಿಲ್ಲ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ, ಕ್ವಾರಿಯಿಂದ ಗೆದ್ದವರು ಹತ್ತಿ ಬರುತ್ತಾರೆ, ಅಷ್ಟೇ.

ಕ್ವಾರಿಯ ಬಾಯಿಗೆ ಎದುರಾಗಿಯೇ ನನ್ನ ಅಂಗಡಿ. ಸೀರೆಗೆ ಫಾಲ್ಸ್ ಹಾಕುವುದು, ಅಂಚಿಗೆ ಜಿಗ್‌ಜಾಗ್ ಹೊಡೆಯುವುದು, ಬಿಗಿಯಾದ ರವಿಕೆ ಬಿಡಿಸಿಕೊಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ಮೆಷಿನ್ ತುಳಿಯುತ್ತಲೇ ಇಳಿಯುವವರನ್ನು ನೋಡಿದ್ದೇನೆ. ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆಗೆ ಬಂದು ಹೊಂಗೆ ಮರದ ಕೆಳಗೆ ಸಾಲು ನಿಲ್ಲುತ್ತಾರೆ. ಮೆಟ್ಟಿಲ ಮೇಲೆ ಬಿಸಿಲಿರುವವರೆಗೆ ಮಾತ್ರ ಇಳಿಯಬಹುದು, ಅದೂ ಒಂದು ಸಲಕ್ಕೆ ಒಬ್ಬರೇ. ಕೆಳಗೆ ನೆಲಕ್ಕೆ ಕಾಲಿಟ್ಟ ಕೂಡಲೇ, ಇವರೆಲ್ಲ ಗೆಲ್ಲಬೇಕಾದ ದೈತ್ಯ, ನಾವು ದೊಡ್ಡವನು ಎನ್ನುವವನು, ಏಳುತ್ತಾನಂತೆ. ಅಂತೆ ಎಂದೆ, ಏಕೆಂದರೆ ಮೇಲಿಂದ ನೋಡುವವರಿಗೆ ಅವನು ಕಾಣುವುದಿಲ್ಲ. ಕಾಣುವುದು ಇಷ್ಟೇ: ಬ್ಯಾಂಕಿನ ಕ್ಯಾಷಿಯರ್ ಪ್ಯಾಂಟು ಮಡಚಿಕೊಂಡು ಖಾಲಿ ಗುಂಡಿಯಲ್ಲಿ ಒಬ್ಬರೇ ಬಲಕ್ಕೆ ಹಾರುತ್ತಾರೆ, ದಬಕ್ಕನೆ ಬೋರಲು ಬೀಳುತ್ತಾರೆ, ಎದ್ದು ಬೆನ್ನು ತಿರುಗಿಸಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಆಮೇಲೆ ಮಾಯವಾಗಿ ನನ್ನ ಅಂಗಡಿಯ ಮುಂದೆ ನಿಂತಿರುತ್ತಾರೆ, ಮುಖವೆಲ್ಲ ಅರಳಿಸಿಕೊಂಡು. ಇದಕ್ಕಾಗಿ ಒಳ್ಳೆ ಮಧ್ಯಾಹ್ನದ ನಿದ್ದೆ ಬಿಟ್ಟು ಬರುತ್ತಾರಲ್ಲ ಎಂದು ನನಗೆ ಸೋಜಿಗ. ಗೆದ್ದರೆ ಏನಾದರೂ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಒಂದು ಶಾಲು ಹೊದಿಸುವವರೂ ಇಲ್ಲ.

ಗೆದ್ದವರ ಪಾಡು ಇನ್ನೂ ವಿಚಿತ್ರ. ಒಂದು ಸಲ ಹತ್ತಿ ಬಂದರೆ ಅವರಿಗೆ ಕ್ವಾರಿ ಮುಗಿಯಿತು. ಮತ್ತೆ ಇಳಿಯೋಣವೆಂದು ಮೊದಲ ಮೆಟ್ಟಿಲಿಗೆ ಕಾಲು ಚಾಚಿದರೆ ಆ ಕಾಲು ಮೇಲಿನ ಮಣ್ಣಿನಲ್ಲೇ ಊರಿರುತ್ತದೆ. ಎಷ್ಟು ಸಲ ಚಾಚಿದರೂ ಅಷ್ಟೇ. ಊರಿನಲ್ಲಿ ಇನ್ನೊಂದು ಕಟ್ಟೂ ಇದೆ. ಸೋತದ್ದನ್ನು ಎಷ್ಟು ಬೇಕಾದರೂ ಹೇಳಿಕೊಳ್ಳಬಹುದು, ಗೆದ್ದದ್ದು ಹೇಗೆ ಎಂಬುದನ್ನು ಯಾರಿಗೂ ಹೇಳಬಾರದು. ಹಾಗಾಗಿ ಸಂಜೆ ನನ್ನ ಅಂಗಡಿಯ ಜಗಲಿ ಮೇಲೆ ಕೂತು ಇವರೆಲ್ಲ ಹೇಳಿಕೊಳ್ಳುವುದು ಬರೀ ಸೋಲು. "ನಾನು ಇವತ್ತು ಎದ್ದೇಳೋದ್ರಲ್ಲಿ ಅವಸರ ಮಾಡ್ಬಿಟ್ಟೆ" ಎಂದು ಒಬ್ಬರು ಅಂದರೆ ಉಳಿದವರು ಮದುವೆ ಊಟದ ಸುದ್ದಿ ಕೇಳುವಂತೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ನನ್ನ ಪಕ್ಕದ ಮಳಿಗೆಗೆ ಮೂರು ವರ್ಷದ ಹಿಂದೆ ಕರಾವಳಿ ಕಡೆಯಿಂದ ಮೆಲ್ವಿನ್ ಎಂಬುವನು ಬಂದ. ವಿಡಿಯೋ ಗೇಮ್ ಅಂಗಡಿ ಇಟ್ಟ. ಎರಡು ದೊಡ್ಡ ಟೀವಿ, ನಾಲ್ಕು ಕುರ್ಚಿ. ಗಿರಾಕಿ ಇಲ್ಲದಾಗ ತಾನೇ ಕೂತು ಆಡುತ್ತಿದ್ದ. ಆಡುತ್ತಿದ್ದುದೆಲ್ಲ ಒಂದೇ ಬಗೆಯ ಆಟ: ಪರದೆ ತುಂಬ ಒಂದು ಭಾರಿ ರಾಕ್ಷಸಾಕೃತಿ, ಅದರ ಕಾಲ ಬಳಿ ಇರುವೆಯಷ್ಟು ಒಬ್ಬ ಮನುಷ್ಯ. ಒಂದು ದಿನ ಫಾಲ್ಸ್ ಹಾಕಿದ ಸೀರೆ ಮಡಚುತ್ತ ನಾನು ಕೇಳಿಯೇಬಿಟ್ಟೆ. "ಅಲ್ಲಪ್ಪ, ಆ ಸಣ್ಣ ಪುಟ್ಟ ಭೂತಗಳ ಆಟ ಬಿಟ್ಟು ಯಾವಾಗ್ಲೂ ಇವನ ಹತ್ರಾನೇ ಒದೆ ತಿಂತೀಯಲ್ಲ, ಏನಿದೆ ಅದ್ರಲ್ಲಿ?"

"ಸಣ್ಣವ್ರನ್ನು ಹೊಡಿಯುದು ಸೊಳ್ಳೆ ಹೊಡೆದ ಹಾಗೆ ಅಕ್ಕ," ಎಂದ ಅವನು ಪರದೆಯಿಂದ ಕಣ್ಣು ತೆಗೆಯದೆ. "ಒಂದು ಕಡೆ ಅದು, ಇನ್ನೊಂದು ಕಡೆ ಊಟಕ್ಕೆಂತ ಮಾಡುದು ಅಂತ ಯೋಚನೆ. ಇವ ಬಂದ್ರೆ ಹಾಗಲ್ಲ. ಇವನ ಹೆಗಲು ಅಲ್ಲಾಡ್ತದಾ, ಕಾಲು ಏಳ್ತದಾ ಅಂತ ನೋಡುದೊಂದೇ ಕೆಲಸ. ಬೇರೆ ಎಂತದೂ ತಲೆಯಲ್ಲಿ ಇರುದಿಲ್ಲ."

"ಸೋತ್ರೆ?"

"ಮತ್ತೆ ಮೊದಲಿಂದ."

"ಬೇಜಾರಾಗಲ್ವಾ?"

"ಬೇಜಾರು ಗೆದ್ದಾಗ ಆಗುದು ಅಕ್ಕ," ಎಂದು ನಕ್ಕ. ಇವನಿಗೂ ತಲೆ ಸರಿಯಿಲ್ಲ ಎಂದುಕೊಂಡೆ. ಊರಿಗೆ ಬಂದ ಮೂರನೆಯ ವಾರ ಅವನು ಕ್ವಾರಿಗೆ ಇಳಿದ. ನಾಲ್ಕನೆಯ ವಾರ ಟೀವಿ ಎರಡನ್ನೂ ಮಾರಿ, ಮಳಿಗೆಯಲ್ಲಿ ಮೊಬೈಲ್ ರಿಪೇರಿ ಶುರುಮಾಡಿದ. ಅದೂ ಬೆಳಿಗ್ಗೆ ಮಾತ್ರ.

ಇವರೆಲ್ಲ ಹೋಗಲಿ, ನನಗೆ ಪೂರ್ತಿ ಅರ್ಥವಾಗದವರು ನಮ್ಮ ಮನೆಯಲ್ಲೇ ಇದ್ದರು. ನಮ್ಮತ್ತೆ ಚಂಪಾವತಮ್ಮ. ಎಪ್ಪತ್ತೊಂದು ವರ್ಷ, ಸವೆದ ಎರಡು ಮಂಡಿ, ಜೊತೆಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಬಿದ್ದ ಚಮಚ ಎತ್ತಿಡಿ ಎಂದರೆ "ಮಂಡಿ ಬಗ್ಗಲ್ಲ ಕಣೇ ವಿಶಾಲು" ಎನ್ನುವವರು, ಎರಡು ಗಂಟೆ ಹೊಡೆದರೆ ಸಾಕು, ಗೋಡೆ ಹಿಡಿದುಕೊಂಡು ಅಡ್ಡಡ್ಡ ಹೆಜ್ಜೆ ಇಡುತ್ತ ಎಪ್ಪತ್ತೆರಡು ಮೆಟ್ಟಿಲು ಇಳಿದುಬಿಡುತ್ತಿದ್ದರು. ನಲವತ್ತು ವರ್ಷದ ರೂಢಿ. ಅವರು ಇಳಿಯಲು ಹದಿನೈದು ನಿಮಿಷ ಹಿಡಿಯುತ್ತಿತ್ತು, ಸಾಲಿನಲ್ಲಿದ್ದವರು ಗೊಣಗದೆ ಕಾಯುತ್ತಿದ್ದರು. ಕೆಳಗೆ ಅವರು ಯಾರಂತೆಯೂ ಹಾರುತ್ತಿರಲಿಲ್ಲ, ಬೀಳುತ್ತಿರಲಿಲ್ಲ. ಒಂದು ಗೇಣು ಸರಿದರೆ ಸಾಕೆನ್ನುವಲ್ಲಿ ಒಂದೇ ಗೇಣು ಸರಿಯುತ್ತಿದ್ದರು. ತಲೆ ತಗ್ಗಿಸಿದರೆ ಸಾಕೆನ್ನುವಲ್ಲಿ ಬರೀ ತಲೆ ತಗ್ಗಿಸುತ್ತಿದ್ದರು. ಮೇಲಿಂದ ನೋಡಿದರೆ ಯಾವುದೋ ಸಾಮಾನು ಹುಡುಕುತ್ತಿರುವ ಮುದುಕಿಯ ಹಾಗೆ ಕಾಣುತ್ತಿತ್ತು. ಅಷ್ಟು ಮಾಡಿಯೂ ಕೊನೆಗೆ ಸೋತು ಮೇಲೆ ಬರುತ್ತಿದ್ದರು. ಸಂಜೆ ಊಟಕ್ಕೆ ಕೂತರೆ ಅದೇ ಪುರಾಣ. "ಎಡಗಾಲು ಬಂದಾಗ ನಾನೂ ಎಡಕ್ಕೇ ಓಡಿ ಸತ್ತೆ, ನಾಲ್ಕು ತಿಂಗಳು ಹಾಗೇ ಸತ್ತೆ." "ಅವನು ಉಸಿರು ಬಿಡುವಾಗ ಮುಖ ಕೊಟ್ಟು ನಿಂತೆ, ಹತ್ತಿ ಹಾರಿದ ಹಾಗೆ ಹಾರಿಹೋದೆ." ನಾನು ಹೂಂ ಹೂಂ ಎನ್ನುತ್ತ ಸಾರು ಬಡಿಸುತ್ತಿದ್ದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ ಎಂದೇ ತಿಳಿದಿದ್ದೆ.

ನನ್ನ ಗಂಡ ದಿವಾಕರ ಆ ಮಾತಿಗೆ ಪೇಪರ್ ಅಡ್ಡ ಹಿಡಿಯುತ್ತಿದ್ದರು. ಅವರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕ್ವಾರಿಗೆ ಇಳಿದು ಒಂಬತ್ತೇ ದಿನದಲ್ಲಿ ಗೆದ್ದವರು. ಅಷ್ಟು ಬೇಗ ಗೆದ್ದವರು ಊರಿನಲ್ಲಿ ಇನ್ನೊಬ್ಬರಿಲ್ಲ. ಆದರೆ ಆ ವಿಷಯ ಎತ್ತಿದರೆ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ಈಗ ಕರೆಂಟಿನ ಮೀಟರ್ ಓದುವ ಕೆಲಸ. ಊರೂರು ಸುತ್ತಿ ಬರುತ್ತಾರೆ.

ಆ ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ತಾಯಿಯ ಮುಂದೆ ಕೂತು ಹೇಳಿದರು. "ಅಮ್ಮ, ನಾಳೆಯಿಂದ ಕ್ವಾರಿ ಸಾಕು. ಮೊನ್ನೆ ಮೂರನೇ ಮೆಟ್ಟಿಲಲ್ಲಿ ಜಾರಿದ್ಯಂತೆ. ಡಾಕ್ಟ್ರು ಏನಂದ್ರು? ಇಳಿಯೋದೇ ಮಂಡಿಗೆ ಕೆಡುಕು ಅಂದ್ರೋ ಇಲ್ವೋ? ನಾಳೆ ನಾನೇ ರಜ ಹಾಕಿ ಮರದ ಹತ್ರ ನಿಂತ್ಕೋತೀನಿ."

ಅತ್ತೆ ಮಾತ್ರೆ ನುಂಗಿ ಆಗಿತ್ತು, ಅನ್ನ ಕಲಸುತ್ತಿದ್ದರು. "ಇವತ್ತು?" ಎಂದರು.

"ಇವತ್ತೊಂದಿನ ಹೋಗ್ ಬಾ."

ಅತ್ತೆ ಎರಡೇ ತುತ್ತಿಗೆ ತಟ್ಟೆ ಸರಿಸಿ ಎದ್ದರು. ನನಗೆ ಗಂಡ ಹೇಳಿದ್ದು ಸರಿ ಅನ್ನಿಸಿತು. ಮಾತ್ರೆ ನುಂಗಿ ಊಟ ಬಿಟ್ಟರೆ ಅವರಿಗೆ ಕೈ ನಡುಗುತ್ತದೆ, ಬೆವರುತ್ತದೆ, ಇನ್ನೂ ತಡವಾದರೆ ಎಚ್ಚರ ತಪ್ಪುತ್ತದೆ. ಮೇಲೆ ಬಂದ ಕೂಡಲೇ ಕೊಡೋಣವೆಂದು ಒಂದು ಬಾಟಲಿಯಲ್ಲಿ ಸಕ್ಕರೆ ಹಾಕಿದ ನಿಂಬೆ ಪಾನಕ, ಪೊಟ್ಟಣದಲ್ಲಿ ಎರಡು ಬಾಳೆಹಣ್ಣು ಹಿಡಿದುಕೊಂಡು ಅಂಗಡಿಗೆ ಹೋದೆ.

ಮೆಷಿನ್ ಮುಂದೆ ಕೂತು ನೋಡುತ್ತಲೇ ಇದ್ದೆ. ಅತ್ತೆ ಕೆಳಗೆ ತಲುಪಿ ಎಂದಿನಂತೆ ಒಂದು ಗೇಣು ಬಲಕ್ಕೆ ಸರಿದರು. ತಲೆ ತಗ್ಗಿಸಿದರು. ಬೆನ್ನು ತಿರುಗಿಸಿ ನಿಂತರು. ಮತ್ತೆ ಈ ಕಡೆ ತಿರುಗಿದರು. ಪ್ರತಿದಿನ ಈ ಹೊತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದು ಮಾಯವಾಗುವವರು ಅವತ್ತು ಮುಂದಕ್ಕೆ ಒಂದು ಹೆಜ್ಜೆ ಇಟ್ಟರು. ಬಲಗೈ ಎತ್ತಿ ಗಾಳಿಯಲ್ಲಿ ಅಂಗೈ ಊರಿ ತುಂಬ ಹೊತ್ತು ನಿಂತರು. ಆಮೇಲೆ ಮಂಡಿ ಮುರಿದಂತೆ ಕುಸಿದು ಕೂತರು. ನನ್ನ ಅಂಗಡಿಯ ಮುಂದೆ ಅವರ ಚಪ್ಪಲಿ ಇತ್ತು, ಅವರು ಬರಲಿಲ್ಲ.

"ಚಂಪಮ್ಮೋರು ಗೆದ್ದುಬಿಟ್ರು!" ಎಂದು ಸಾಲಿನಲ್ಲಿದ್ದ ಯಾರೋ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುತ್ತಲೇ ಒಬ್ಬೊಬ್ಬರ ಕೈ ನಿಂತುಹೋಯಿತು. ಅತ್ತೆ ಕೂತಲ್ಲಿಂದ ಏಳಲು ನೋಡಿ ಆಗದೆ, ಅಂಗೈ ಊರಿ ತೆವಳುತ್ತ ಆಚೆಯ ಗೋಡೆಯ ನೆರಳಿಗೆ ಹೋಗುತ್ತಿದ್ದರು. ಮೆಟ್ಟಿಲು ಈಚೆಗಿತ್ತು.

ಅಂಚಿಗೆ ಹೋಗಿ ಕೂಗಿದೆ. "ಅತ್ತೇ, ಹತ್ತಿ ಬರೋಕಾಗುತ್ತಾ?"

ಅವರ ದನಿ ಸಣ್ಣಗೆ ಬಂತು. "ಹತ್ತೋದು ಮರೆತೇಹೋಗಿತ್ತು ಕಣೇ!"

ನಂಬುತ್ತೀರೋ ಇಲ್ಲವೋ, ನಿಜವಾಗಿ ಮರೆತಿದ್ದರು. ನಲವತ್ತು ವರ್ಷದಲ್ಲಿ ಅವರು ಆ ಮೆಟ್ಟಿಲನ್ನು ಸಾವಿರಾರು ಸಲ ಇಳಿದಿದ್ದರು, ಒಂದು ಸಲವೂ ಹತ್ತಿರಲಿಲ್ಲ. ಮೇಲೆ ಬರುವುದು ತಾನಾಗೇ ಆಗುವ ಕೆಲಸ ಎಂಬುದು ಅವರ ಮೈಗೆ ಒಗ್ಗಿಹೋಗಿತ್ತು. ಊರಿನ ಕೂಸಿಗೂ ಗೊತ್ತಿರುವ ಕಟ್ಟಳೆ ಅವರ ತಲೆಗೆ ಹೊಳೆದದ್ದು ಮಂಡಿ ಕುಸಿದ ಮೇಲೆ. ನನಗೆ ನಗು ಬಂತು. ನಗು ಮುಗಿಯುವ ಮೊದಲೇ ಭಯ ಹತ್ತಿತು.

ಬಾವಿಯ ಹಗ್ಗ ತಂದು ಇಳಿಬಿಟ್ಟರು. ಹಗ್ಗದ ತುದಿ ನಮ್ಮ ಕಾಲ ಬುಡದಲ್ಲೇ ಬಂದು ಬಿತ್ತು. ಪೊಟ್ಟಣ ಎಸೆದರು, ಅದೂ ಹಾಗೆಯೇ. ಕ್ವಾರಿ ಯಾವತ್ತೂ ಹಾಗೆಯೇ, ಇಳಿದು ಕೊಡದೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅತ್ತೆಯ ಹತ್ತಿರ ಹೋಗಬೇಕಾದರೆ ನೆಲ ದಾಟಬೇಕು, ನೆಲ ದಾಟಬೇಕಾದರೆ ದೊಡ್ಡವನನ್ನು ಗೆಲ್ಲಬೇಕು. ಅತ್ತೆಯ ಸರದಿ ಗೆದ್ದು ಮುಗಿದಿತ್ತು, ಇನ್ನೊಬ್ಬರು ಇಳಿಯಬಹುದಿತ್ತು. ಆದರೆ ಈ ಮೊದಲೇ ಗೆದ್ದವರು ಇಳಿಯುವಂತಿಲ್ಲ. ಗಂಡನಿಗೆ ಫೋನ್ ಮಾಡಿದೆ. ಎರಡು ಊರಿನ ಆಚೆ ಇದ್ದರು. ಗಂಟೆ ಮೂರು. ಮೆಟ್ಟಿಲ ಮೇಲಿನ ಬಿಸಿಲು ಐದೂವರೆಗೆ ಹೋಗುತ್ತದೆ.

ಸಾಲಿನಲ್ಲಿ ಏಳು ಜನರಿದ್ದರು. ನಾನು ಕೈ ಮುಗಿದು ಕೇಳಿದೆ. "ಯಾರಾದ್ರೂ ಇವತ್ತು ಗೆದ್ದುಬಿಡಿ. ನಮ್ಮತ್ತೇನ ಹೊತ್ಕೊಂಡು ಬನ್ನಿ." ಬ್ಯಾಂಕಿನ ಕ್ಯಾಷಿಯರ್ ತಮಗಿನ್ನೂ ಉಸಿರಿನ ಹಂತ ದಾಟಿಲ್ಲ ಎಂದರು. ಇನ್ನೊಬ್ಬರು ಕೈಯ ಹಂತವೇ ದಾಟಿಲ್ಲ ಎಂದರು. ಎಲ್ಲರೂ ಮೆಲ್ವಿನ್ ಕಡೆ ನೋಡಿದರು. ಅವನು ಆರು ತಿಂಗಳಿಂದ ಕೊನೆಯ ಹಂತದಲ್ಲಿದ್ದಾನೆಂದು ಜಗಲಿಯ ಸೋಲುಗಳನ್ನು ಕೇಳಿದವರಿಗೆಲ್ಲ ಗೊತ್ತು. ಮೆಲ್ವಿನ್ ತನ್ನ ಚಪ್ಪಲಿ ನೋಡಿಕೊಂಡ. ಆಮೇಲೆ ಅದನ್ನು ಬಿಟ್ಟು ಇಳಿದ. ಅಂಚಿನಲ್ಲಿ ಬಗ್ಗಿ ನಿಂತು ನೋಡಿದೆ. ಬಲಕ್ಕೆ ಹಾರಿದ, ಬೋರಲು ಬಿದ್ದ, ಬೆನ್ನು ಕೊಟ್ಟ, ತಿರುಗಿದ. ಕೊನೆಗೆ ಒಂದು ಹೆಜ್ಜೆ ಹಿಂದೆ ಸರಿದ.

"ಆಗ್ಲಿಲ್ಲ ಅಕ್ಕ," ಎಂದ ಮೇಲೆ ಬಂದು, ನನ್ನ ಮುಖ ನೋಡದೆ.

"ಆಗ್ಲಿಲ್ವೋ, ಮನಸ್ಸು ಬರ್ಲಿಲ್ವೋ? ನಾನು ನೋಡ್ದೆ ಮೆಲ್ವಿನ್, ನೀನಾಗೇ ಹಿಂದೆ ಸರಿದೆ. ಅಲ್ಲೊಂದು ಜೀವ ಬಾಯಾರಿ ಕೂತಿದೆ, ನಿನಗೆ ನಿನ್ನ ಆಟ ಹೆಚ್ಚಾಯ್ತಾ? ಮನುಷ್ಯನೇನೋ ನೀನು?"

ಅವನು ತಲೆ ತಗ್ಗಿಸಿ ನಿಂತ. ಉಳಿದವರು ಮತ್ತೆ ಸಾಲು ಸರಿಮಾಡಿಕೊಂಡರು. ಅದೇ ನನ್ನ ಪಿತ್ತ ನೆತ್ತಿಗೇರಿಸಿತು. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾನಕದ ಬಾಟಲಿ ಹಿಡಿದು ನಾನೇ ಇಳಿದೆ. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ.

ಮೊದಲ ಸಲ ನಾನು ಸೋತದ್ದು ಬರೀ ನೋಡುತ್ತ ನಿಂತದ್ದಕ್ಕೆ. ನೆಲಕ್ಕೆ ಕಾಲಿಟ್ಟೆ, ಎದುರಿನ ಬಂಡೆ ಬಂಡೆಯಾಗಿ ಉಳಿಯಲಿಲ್ಲ. ಎದ್ದಿತು, ಏಳುತ್ತಲೇ ಹೋಯಿತು. ಮುಖ ನೋಡಲು ಕತ್ತು ಹಿಂದಕ್ಕೆ ಬಾಗಿಸಿ ಬಾಗಿಸಿ ನನ್ನ ತುರುಬು ಬೆನ್ನಿಗೆ ತಾಗಿತು. ಆಗ ಅವನು ನನ್ನನ್ನು ನೋಡಿದ. ಅದನ್ನು ಹೇಗೆ ಹೇಳಲಿ? ಮನೆಯಲ್ಲಿ, ಅಂಗಡಿಯಲ್ಲಿ ನನ್ನನ್ನು ನೋಡುವವರೆಲ್ಲ ಪಕ್ಕದಲ್ಲಿ ಇನ್ನೊಂದೇನನ್ನೋ ನೋಡುತ್ತಲೇ ನೋಡುತ್ತಾರೆ. ಅವನ ಎರಡೂ ಕಣ್ಣು ಪೂರ್ತಿಯಾಗಿ ನನ್ನ ಮೇಲಿದ್ದವು, ಆ ಹೊತ್ತಿಗೆ ಜಗತ್ತಿನಲ್ಲಿ ವಿಶಾಲಾಕ್ಷಿ ಒಬ್ಬಳೇ ಇದ್ದ ಹಾಗೆ. ಅಷ್ಟರಲ್ಲಿ ಕಾಲು ಬಂತು. ನಾನು ಮೇಲೆ ಚಪ್ಪಲಿಯ ಮುಂದೆ ನಿಂತಿದ್ದೆ, ಕೈಯಲ್ಲಿ ಬಾಟಲಿ ಹಿಡಿದುಕೊಂಡು.

ಎರಡನೆಯ ಸಲ ಎಡಕ್ಕೆ ಓಡಿದೆ. ಮೇಲೆ ಬಂದೆ. ಮೂರನೆಯ ಸಲ ಇಳಿಯುವಾಗ ಅತ್ತೆ ಆಚೆಯಿಂದ ಕೂಗಿದರು. "ವಿಶಾಲೂ, ಎಡಗಾಲಿಗೆ ಎಡಕ್ಕೆ ಓಡಿ ನಾನು ನಾಲ್ಕು ತಿಂಗಳು ಸತ್ತಿದ್ದೆ, ನೆನಪಿದ್ಯಾ?" ಗೆಲುವನ್ನು ಹೇಳುವಂತಿಲ್ಲ, ಸೋಲನ್ನು ಹೇಳಬಹುದು. ಆ ಸ್ಥಿತಿಯಲ್ಲೂ ಅವರು ಊರಿನ ಕಟ್ಟು ಮೀರಲಿಲ್ಲ. ನನಗೆ ನೆನಪಿತ್ತು. ಅದು ಮಾತ್ರವಲ್ಲ, ಇಪ್ಪತ್ತೆರಡು ವರ್ಷ ಸಾರು ಬಡಿಸುತ್ತ ಕೇಳಿದ್ದೆಲ್ಲ ಎಲ್ಲೋ ಮಡಚಿಟ್ಟ ಬಟ್ಟೆಯ ಹಾಗೆ ಒಳಗೇ ಇತ್ತು. ಬಲಕ್ಕೆ ಹಾರಿದೆ. ಕಾಲು ಪಕ್ಕಕ್ಕೆ ಬಿತ್ತು. ಅಯ್ಯೋ ದಾಟಿದೆನಲ್ಲ ಎಂದು ಖುಷಿಪಡುವಷ್ಟರಲ್ಲಿ ಕೈ ಬೀಸಿ ಬಂತು.

ಒಂದು ಸಲ ಉಪಾಯ ಮಾಡಿದೆ. ಕಾಲು ತಪ್ಪಿಸಿಕೊಂಡ ಕೂಡಲೇ ಬಾಟಲಿಯನ್ನು ಅತ್ತೆಯ ಕಡೆ ಎಸೆದೆ. ಅವರು ಹಿಡಿದರು. ಮುಚ್ಚಳವನ್ನೂ ತೆಗೆದರು. ಬಾಯಿಗೆ ಎತ್ತುವಷ್ಟರಲ್ಲಿ ಕೈಯ ಏಟಿಗೆ ನಾನು ಸೋತೆ. ಮೇಲೆ ನಿಂತ ನನ್ನ ಕೈಯಲ್ಲಿ ಬಾಟಲಿ ಇತ್ತು, ಮುಚ್ಚಳ ಮಾತ್ರ ತೆರೆದಿತ್ತು.

ನಾಲ್ಕು ಗಂಟೆಗೆ ನನ್ನ ಗಂಡ ಬಂದರು. ಬೈಕ್ ಬೀಳಿಸಿಯೇ ಓಡಿ ಬಂದರು. ಮೆಟ್ಟಿಲಿಗೆ ಕಾಲು ಚಾಚಿದರು, ಮಣ್ಣಿನಲ್ಲಿ ನಿಂತಿದ್ದರು. ಮತ್ತೆ ಚಾಚಿದರು. ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಚಾಚುತ್ತಲೇ ಇದ್ದರು, ನಾನು ಸೋತು ಮೇಲೆ ಬಂದಾಗಲೆಲ್ಲ ಅದನ್ನೇ ಮಾಡುತ್ತಿದ್ದರು. "ಒಂಬತ್ತೇ ದಿನಕ್ಕೆ ಯಾಕಾದ್ರೂ ಗೆದ್ನೋ ವಿಶಾಲು," ಎಂದರು ಒಮ್ಮೆ, ಕಣ್ಣು ಒದ್ದೆ ಮಾಡಿಕೊಂಡು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ವಿಷಯಕ್ಕೆ ಅವರು ಆಡಿದ ಮೊದಲ ಮಾತು ಅದು. ನಿಂತು ಸಮಾಧಾನ ಮಾಡಲು ಹೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಅಲ್ಲಿರಲಿಲ್ಲ. ಕೈ ಬೀಸುವ ಮೊದಲು ದೊಡ್ಡವನ ಹೆಗಲು ಒಂದು ಸಲ ನಡುಗುತ್ತದಲ್ಲ, ಅದನ್ನು ಗುರುತು ಹಿಡಿದರೆ ಬೋರಲು ಬೀಳಲು ಸರಿಯಾದ ಗಳಿಗೆ ಸಿಗುತ್ತದೆ ಎಂದು ನನಗೆ ಆಗತಾನೆ ಹೊಳೆದಿತ್ತು. ಅದು ಸರಿಯೇ ಎಂದು ನೋಡಬೇಕಾಗಿತ್ತು.

ಸರಿಯಾಗಿಯೇ ಇತ್ತು. ಅದೇ ನನ್ನನ್ನು ಹಿಡಿದದ್ದು. ದೊಡ್ಡವನಲ್ಲಿ ಮೋಸವಿಲ್ಲ. ಬದುಕಿನಲ್ಲಿ ಒಂದು ಕೆಲಸ ಕೆಟ್ಟರೆ ಎಲ್ಲಿ ಕೆಟ್ಟಿತು, ಯಾರಿಂದ ಕೆಟ್ಟಿತು ಎಂದು ತಿಳಿಯುವಷ್ಟರಲ್ಲಿ ವರ್ಷ ಕಳೆದಿರುತ್ತದೆ, ತಿಳಿದರೂ ಅದನ್ನು ಮತ್ತೆ ಮಾಡಿ ಸರಿಪಡಿಸಲು ಯಾರೂ ಬಿಡುವುದಿಲ್ಲ. ಇಲ್ಲಿ ತಪ್ಪಿದ್ದು ಎಲ್ಲಿ ಎಂದು ಅದೇ ಗಳಿಗೆಯಲ್ಲಿ ಗೊತ್ತಾಗುತ್ತದೆ. ತಪ್ಪು ನನ್ನದೇ. ಎಪ್ಪತ್ತೆರಡು ಮೆಟ್ಟಿಲು ಇಳಿದರೆ ಮತ್ತೆ ಅದೇ ಕಾಲು, ಅದೇ ಕೈ, ಅದೇ ಉಸಿರು. ಅಷ್ಟು ದೊಡ್ಡವನು ನನ್ನಂಥವಳಿಗಾಗಿ ಎಲ್ಲವನ್ನೂ ಮೊದಲಿಂದ ಶುರುಮಾಡುತ್ತಾನೆ, ಒಂದು ಚೂರೂ ಬೇಸರವಿಲ್ಲದೆ. ಎಂಟನೆಯ ಸಲ ಕೈ ದಾಟಿದೆ. ಹನ್ನೊಂದನೆಯ ಸಲ ಉಸಿರಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು ಅದನ್ನೂ ದಾಟಿದೆ. ಉಸಿರಿಗೆ ಆಗತಾನೆ ನೀರು ಹಾಕಿದ ಅಂಗಳದ ವಾಸನೆ. ತಿರುಗಿ ನಿಂತೆ. ಆಗ ಮುಖ ಬಂತು. ಆಕಾಶದಲ್ಲಿದ್ದ ಅಷ್ಟು ದೊಡ್ಡ ಮುಖ ಬಾಯಿ ತೆರೆದುಕೊಂಡು ನೇರ ನನ್ನ ಮೇಲೆ ಇಳಿದು ಬಂತು. ನನ್ನ ಮೈ ತಾನಾಗೇ ಹಿಂದೆ ಸರಿಯಿತು. ಮೇಲೆ ನಿಂತಿದ್ದೆ, ಎದೆ ಹೊಡೆದುಕೊಳ್ಳುತ್ತಿತ್ತು, ಮುಖದಲ್ಲಿ ನಗು ಇತ್ತು. ಆ ನಗುವನ್ನು ಮೆಲ್ವಿನ್ ನೋಡಿದ. ನಾನು ಬೇರೆ ಕಡೆ ತಿರುಗಿದೆ.

ಮುಖ ಬಂದಾಗ ಹಿಂದೆ ಹೋಗಬಾರದು, ಮುಂದೆ ಹೋಗಬೇಕು. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಆವತ್ತು ಮಧ್ಯಾಹ್ನ ಅತ್ತೆ ಮಾಡಿದ್ದನ್ನು ನಾನೇ ಕಂಡಿದ್ದೆ. ಹನ್ನೆರಡನೆಯ ಸಲ ಮುಖ ಬಂದಾಗ ಕಾಲು ಜಾರಿತು. ಹದಿಮೂರನೆಯ ಸಲ ಸೀರೆಯ ನೆರಿಗೆ ತೊಡರಿತು. ಗಂಟೆ ಐದು ದಾಟಿತ್ತು. ಬಿಸಿಲು ಮೇಲಿನ ಇಪ್ಪತ್ತು ಮೆಟ್ಟಿಲಿಗೆ ಬಂದು ನಿಂತಿತ್ತು. ಅತ್ತೆ ಕೂಗುವುದನ್ನು ನಿಲ್ಲಿಸಿದ್ದರು. ಗೋಡೆಗೆ ಒರಗಿ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದರು, ನಾನು ಅದನ್ನು ಕಂಡೆ. ಹದಿನಾಲ್ಕನೆಯ ಸಲ ಕಾಲು, ಕೈ, ಉಸಿರು ನೀರು ಕುಡಿದಷ್ಟು ಸಲೀಸಾಗಿ ದಾಟಿದವು. ಮುಖ ಇಳಿಯಿತು. ಹಣೆ ನನ್ನ ಕೈಗೆ ಎಟುಕುವಷ್ಟು ಹತ್ತಿರ ಬಂತು. ಹಣೆಯ ಗೆರೆಗಳನ್ನು ಎಣಿಸಬಹುದಿತ್ತು. ಒಂದು ಹೆಜ್ಜೆ ಮುಂದೆ, ಒಂದು ಅಂಗೈ, ಅಷ್ಟೇ. ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಇಷ್ಟಕ್ಕೇ ಮುಗಿಯಿತೇ ಎಂದು ಅನ್ನಿಸಿತು. ಅತ್ತೆಗೆ ನಲವತ್ತು ವರ್ಷ, ಮೆಲ್ವಿನ್‌ಗೆ ಮೂರು ವರ್ಷ, ಕಡೆಗೆ ನನ್ನ ಗಂಡನಿಗೂ ಒಂಬತ್ತು ದಿನ ಸಿಕ್ಕಿತು, ನನಗೆ ಒಂದು ಮಧ್ಯಾಹ್ನವೇ? ಇನ್ನೊಂದೇ ಒಂದು ಸಲ ನೋಡಿಬಿಡುತ್ತೇನೆ ಎಂದುಕೊಂಡೆ. ಬೇಕೆಂದೇ ಹಿಂದೆ ಸರಿದೆ.

ಮೇಲೆ ಚಪ್ಪಲಿಯ ಮುಂದೆ ನಿಂತಾಗ ಎದುರಿಗೆ ಮೆಲ್ವಿನ್ ಇದ್ದ. ಎರಡು ಗಂಟೆಯ ಹಿಂದೆ ನಾನು ಅವನಿಗೆ ಆಡಿದ ಮಾತೆಲ್ಲ ಇಬ್ಬರಿಗೂ ನೆನಪಿತ್ತು. ಅವನು ಆಡಿತೋರಿಸಲಿಲ್ಲ. "ಬೇಗ ಹೋಗಿ ಅಕ್ಕ, ಬಿಸಿಲು ಹೋಗ್ತಾ ಉಂಟು," ಎಂದಷ್ಟೇ ಅಂದ. ನನ್ನ ಗಂಡ ಅಂಚಿನಲ್ಲಿ ಬಗ್ಗಿ "ಅಮ್ಮ, ಅಮ್ಮ" ಎಂದು ಕೂಗುತ್ತಿದ್ದರು. ಕೆಳಗಿಂದ ಉತ್ತರ ಬರುತ್ತಿರಲಿಲ್ಲ.

ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಅತ್ತೆಯ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಕಾಲು ಬಂತು, ಕೈ ಬಂತು, ಉಸಿರು ಬಂತು, ನಾನು ಯಾವುದನ್ನೂ ನೋಡಲಿಲ್ಲ, ಅತ್ತೆಯನ್ನು ನೋಡುತ್ತಲೇ ದಾಟಿದೆ. ಮುಖ ಬಂದಾಗ ಮಾತ್ರ ನೋಡಲೇಬೇಕಾಯಿತು. ಮುಂದೆ ಹೆಜ್ಜೆ ಇಟ್ಟು ಹಣೆಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಅವನು ಕಣ್ಣು ಮುಚ್ಚಿದ. ನನ್ನ ಕೈಯ ಕೆಳಗೆ ಒಂದು ಬಂಡೆ ಇತ್ತು, ಬಂಡೆಯ ಸಂದಿಯಲ್ಲಿ ಒಣಹುಲ್ಲು. ಗೆದ್ದರೆ ಏನು ಸಿಗುತ್ತದೆ ಎಂದು ಕೇಳುತ್ತಿದ್ದೆನಲ್ಲ, ಇಷ್ಟೇ. ಗೆದ್ದದ್ದನ್ನು ಹೇಳಬಾರದು ಎಂಬುದನ್ನು ಇಲ್ಲಿ ನಾನು ಮೀರಿದ್ದೇನೆ. ಊರಿನವರು ಬೈಯಲಿ.

ಅತ್ತೆಯ ಬಾಯಿಗೆ ಹನಿ ಹನಿಯಾಗಿ ಪಾನಕ ಬಿಟ್ಟೆ. ಮೊದಲು ಗಲ್ಲದ ಮೇಲೆ ಹರಿಯಿತು, ಆಮೇಲೆ ಗಂಟಲು ಅಲ್ಲಾಡಿತು. ಅರ್ಧ ಬಾಟಲಿ ಒಳಗೆ ಹೋಗುವಷ್ಟರಲ್ಲಿ ಕಣ್ಣು ಬಿಟ್ಟು "ಸಕ್ಕರೆ ಇಷ್ಟೊಂದು ಸುರಿದಿದ್ಯಲ್ಲೇ," ಎಂದು ಗದರಿದರು. ನನಗೆ ಅಳು ಬಂತು. ಅವರನ್ನು ಬೆನ್ನ ಮೇಲೆ ಹಾಕಿಕೊಂಡೆ. ಮುದುಕಿ ಹಗುರ, ಮೆಟ್ಟಿಲು ಮಾತ್ರ ಕಡಿದಾಗಿದ್ದವು.

ಹದಿನೈದು ಮೆಟ್ಟಿಲಾದ ಮೇಲೆ ಕೇಳಿದೆ. "ನಿಮಗೆ ಗೆಲ್ಲೋದು ಮೊದಲೇ ಬರ್ತಿತ್ತು ಅಲ್ವಾ ಅತ್ತೆ?"

"ಇಪ್ಪತ್ತು ವರ್ಷದಿಂದ ಬರ್ತಿತ್ತು."

"ಮತ್ತೆ ಇವತ್ತೇ ಯಾಕೆ?"

"ನಿನ್ನ ಗಂಡ ಬಿಡಿಸ್ತೀನಿ ಅಂದ. ಬಿಡೋದಿದ್ರೆ ನಾನಾಗೇ ಬಿಡ್ತೀನಿ, ಅವನ್ಯಾರು ಬಿಡಿಸೋಕೆ?" ಎಂದರು. ಎರಡು ಮೆಟ್ಟಿಲಾದ ಮೇಲೆ, "ಹಣೆ ತಣ್ಣಗಿತ್ತು ಅಲ್ವೇನೇ," ಎಂದರು. ಹೂಂ ಎಂದೆ.

ಇನ್ನೊಂದಿಷ್ಟು ಹತ್ತಿದೆ. ಹೇಳದಿದ್ದರೆ ಆ ಭಾರ ಹೊತ್ತು ಮೇಲೆ ಹೋಗಲಾರೆ ಅನ್ನಿಸಿತು. "ಅತ್ತೆ, ನಿಮ್ಮ ಕೈ ನಡುಗ್ತಾ ಇತ್ತು. ನಾನು ನೋಡ್ದೆ. ನೋಡಿಯೂ ಒಂದು ಸಲ ಬೇಕಂತಲೇ ಸೋತೆ."

ಅತ್ತೆ ನನ್ನ ಕಿವಿಯ ಹತ್ತಿರ ಉಸಿರಾಡುತ್ತಿದ್ದರು. "ಒಂದು ಸಲ ಅಲ್ಲ ಕಣೇ, ಮೂರು ಸಲ," ಎಂದರು. "ಕಾಲು ಜಾರಿದ್ದು, ಸೀರೆ ತೊಡರಿದ್ದು ಎಲ್ಲ ನಾನೂ ಮಾಡಿದ್ದೇ. ಹಾಗೆ ಜಾರಲ್ಲ ಕಾಲು."

ನಾನು ನಿಂತುಬಿಟ್ಟೆ. ಜಾರಿತು ಎಂದೇ ನಾನು ನಂಬಿದ್ದೆ, ಇಲ್ಲಿಯವರೆಗೆ ನಿಮಗೆ ಹೇಳಿದ್ದೂ ಹಾಗೆಯೇ. ಒಬ್ಬಳ ಜೀವ ಬಾಯಿಗೆ ಬಂದಿದ್ದಾಗ ಮೂರು ಸಲ ಅವಳನ್ನು ಅಲ್ಲೇ ಬಿಟ್ಟು ಬಂದವಳು ನಾನು. ನಾಚಿಕೆಯಿಂದ ಮೈ ಬಿಸಿಯಾಯಿತು.

"ನನ್ನ ಕೈ ಒಂಚೂರು ಕಮ್ಮಿ ನಡುಗಿದ್ದಿದ್ರೆ," ಎಂದರು ಅತ್ತೆ, "ಇನ್ನೊಂದ್ ಸಲ ಆಡೇ ಅಂತ ನಾನೇ ಹೇಳ್ತಿದ್ದೆ. ನೀನು ಎಷ್ಟು ಚೆನ್ನಾಗಿ ಬೀಳ್ತಿದ್ದೆ ಗೊತ್ತಾ?" ನನ್ನ ಕುತ್ತಿಗೆಯ ಸುತ್ತ ಅವರ ಕೈ ಬಿಗಿಯಾಯಿತು.

ಮೇಲೆ ಜನ ಬಗ್ಗಿ ನೋಡುತ್ತಿದ್ದರು, ನನ್ನ ಗಂಡ ಎರಡೂ ಕೈ ಚಾಚಿಕೊಂಡು ನಿಂತಿದ್ದರು. ಇನ್ನು ಮೂವತ್ತೊಂದು ಮೆಟ್ಟಿಲು ಉಳಿದಿದ್ದವು. ಅವು ಮುಗಿದರೆ ಇಬ್ಬರಿಗೂ ಕ್ವಾರಿ ಮುಗಿದಂತೆ. ಮತ್ತೆ ಹತ್ತಲು ಶುರುಮಾಡಿದೆ, ಅವಸರ ಮಾಡಲಿಲ್ಲ. ಅತ್ತೆಯೂ ಬೇಗ ಹತ್ತು ಎನ್ನಲಿಲ್ಲ.